ಸರ್ವೆ ಕಾಸರಗೋಡಿನದ್ದು, ಕೇಳಿದ್ದು ಯಾರ ಹತ್ರ?

ಮಾನ್ಯ ಸಂಪಾದಕರಿಗೆ,

ವಯಸ್ಸಾದವರ ಒಂಟಿತನ, ಮಕ್ಕಳ ಮೊಬೈಲ್ ಚಟ, ಹೆಂಗಸರ ಟೆನ್ಶನ್, ಹೀಗೆ ಎಂತಾದ್ರೊಂದು ಸರ್ವೆಯ ಸುದ್ದಿ ಆಗಾಗ ಪೇಪರಲ್ಲಿ ಬರ್ತಾ ಇರ್ತದೆ, ಕಾಸರಗೋಡಿನ ಇಷ್ಟು ಪರ್ಸೆಂಟ್ ಜನರಿಗೆ ಖಿನ್ನತೆ ಅಂತ ದಪ್ಪ ಅಕ್ಷರದ ಹೆಡ್ಡಿಂಗ್ ಸಹ ಇರ್ತದೆ. ಆದ್ರೆ ಕೇಳಿದ್ದು ಯಾರ ಹತ್ರ, ಯಾವ ಭಾಷೆಯಲ್ಲಿ ಅಂತ ಮಾತ್ರ ಒಂದು ಗೆರೆಯೂ ಇರುದಿಲ್ಲ. ಅದರ ಬಗ್ಗೆಯೇ ಈ ಪತ್ರ.

ಪೆರ್ಲದ ಹತ್ತಿರದ ನಮ್ಮ ಊರಿಗೆ ಸೈಕಾಲಜಿ ಪಿಜಿ ಮಕ್ಕಳ ಒಂದು ಟೀಮ್ ಬಂದಿತ್ತು, ಯಾವ ಕಾಲೇಜು ಅಂತ ಹೇಳುದಿಲ್ಲ, ಮಕ್ಕಳ ತಪ್ಪೂ ಅಲ್ಲ ಅದು. ಕೈಯಲ್ಲಿ ಮಲಯಾಳ ಮತ್ತು ಇಂಗ್ಲಿಷ್ ಫಾರ್ಮ್. ನಮ್ಮ ಆಚೆಮನೆಯ ಅಜ್ಜಿಗೆ ಮನೆಯಲ್ಲಿ ತುಳು, ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡ, ರೇಷನ್ ಅಂಗಡಿಯಲ್ಲಿ ಮಲಯಾಳ ಧಾರಾಳ ಮಾತಾಡ್ತಾರೆ, ಆದ್ರೆ ಓದ್ಲಿಕ್ಕೆ ಬರುದಿಲ್ಲ. ಹುಡುಗ ಪಾಪ ಫಾರ್ಮ್ ವಾಪಸ್ ಬ್ಯಾಗಿಗೆ ಹಾಕಿ ಮುಂದಿನ ಮನೆಗೆ ಹೋದ. ಎಂತ ಆಯ್ತು ಮಾರಾಯ ಅಂತ ಕೇಳಿದ್ರೆ, ಮಲಯಾಳ ಓದ್ಲಿಕ್ಕೆ ಗೊತ್ತಿಲ್ಲದವರನ್ನು ಬಿಡ್ಬೇಕು ಅಂತ ಸ್ಟಡಿಯ ಪ್ಲಾನ್ ಬರೆಯುವ ಸಿನಾಪ್ಸಿಸ್‌ನಲ್ಲೇ ಬರೆದು ಗೈಡ್ ಸೈನ್ ಹಾಕಿದ್ದಾರೆ, ಅದಕ್ಕೆ ಎಕ್ಸ್‌ಕ್ಲೂಷನ್ ಕ್ರೈಟೀರಿಯಾ ಅಂತ ಹೇಳ್ತಾರೆ ಅಂದ. ಸರಿ, ಆದ್ರೆ ಆ ಸ್ಟಡಿಯ ಟೈಟ್‌ಲ್ ಮಾತ್ರ ಕಾಸರಗೋಡು ಜಿಲ್ಲೆಯ ವೃದ್ಧರ ಮೇಲೆ! ಅಜ್ಜಿಯೂ ಇಲ್ಲ, ಅವರ ಹಾಗಿರುವ ನೂರಾರು ಮನೆಯವರೂ ಇಲ್ಲ, ಆದ್ರೂ ಜಿಲ್ಲೆ ಪೂರ್ತಿ ಬಂತು ಅಂತ ಲೆಕ್ಕ.

ಇದು ಗಡಿ ಜಗಳ ಅಂತ ತಿಳೀಬೇಡಿ. ಮಂಗಳೂರಿನಿಂದ ಕನ್ನಡ ಫಾರ್ಮ್ ಹಿಡ್ಕೊಂಡು ಬರುವವರೂ ಬ್ಯಾರಿ ಮನೆ, ಮಲಯಾಳದವರ ಮನೆ ಬಿಟ್ಟು ಹೋಗುದನ್ನು ನೋಡಿದ್ದೇನೆ. ಕೊರಗ ಕಾಲೊನಿಗೆ ಎರಡೂ ಕಡೆಯವರು ಹೋಗುದು ಕಡಿಮೆ. ಈಗಂತೂ ಗೂಗಲ್ ಫಾರ್ಮ್ ಬಂದ ಮೇಲೆ ಮನೆ ಹತ್ತುವ ಕೆಲಸವೇ ಇಲ್ಲ, ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿದ್ರೆ ಅದೇ ಗ್ರೂಪಿನವರು ಅವರವರ ಗೆಳೆಯರಿಗೆ ಕಳಿಸ್ತಾರೆ, ಕೊನೆಗೆ ಉತ್ತರ ಕೊಟ್ಟವರೆಲ್ಲ ಹೆಚ್ಚುಕಮ್ಮಿ ಒಂದೇ ವಯಸ್ಸಿನ, ಒಂದೇ ಓದಿನ, ಸ್ಮಾರ್ಟ್‌ಫೋನ್ ಇರುವ ಜನ.

ಈ ಕಾಯಿಲೆ ನಮ್ಮ ಜಿಲ್ಲೆಯಲ್ಲಿ ಹುಟ್ಟಿದ್ದಲ್ಲ. ಜೆಫ್ರಿ ಆರ್ನೆಟ್ ಅಂತ ಒಬ್ಬರು ಸೈಕಾಲಜಿ ಸಂಶೋಧಕರು 2008ರಲ್ಲಿ ಅಮೆರಿಕದ ಆರು ದೊಡ್ಡ ಸೈಕಾಲಜಿ ಜರ್ನಲ್‌ಗಳನ್ನು ಕೂತು ನೋಡಿದ್ರು, ಪ್ರಶ್ನೆ ಕೇಳ್ಲಿಕ್ಕೆ ಆರಿಸಿದ ಜನರ ಸ್ಯಾಂಪಲ್‌ಗಳಲ್ಲಿ 68 ಪರ್ಸೆಂಟ್ ಬರೀ ಅಮೆರಿಕದ್ದು, ಯುರೋಪ್ ಮುಂತಾದ ಶ್ರೀಮಂತ ಪಾಶ್ಚಾತ್ಯ ದೇಶಗಳನ್ನೂ ಸೇರಿಸಿದ್ರೆ 96. ಆ ದೇಶಗಳಲ್ಲಿ ಇರುದು ಪ್ರಪಂಚದ 12 ಪರ್ಸೆಂಟ್ ಜನ. 2010ರಲ್ಲಿ ಹೆನ್ರಿಕ್, ಹೈನ್, ನೊರೆನ್‌ಜಯಾನ್ ಅನ್ನುವ ಮೂವರು ಸಂಶೋಧಕರು ಸೇರಿ, ಹೀಗೆ ಕಾಲೇಜು ಮಕ್ಕಳನ್ನು ಕೂರಿಸಿ ಕೇಳಿ ಮನುಷ್ಯರ ಮನಸ್ಸೇ ಇಷ್ಟು ಅಂತ ಬರೀಲಿಕ್ಕಾಗುದಿಲ್ಲ ಅಂತ ಗಟ್ಟಿಯಾಗಿ ಹೇಳಿದ್ರು. ಬಾಣದ ತುದಿ ಹಾಕಿದ ಎರಡು ಸಮ ಗೆರೆಗಳಲ್ಲಿ ಒಂದು ಉದ್ದ ಕಾಣ್ತದಲ್ಲ, ಮುಲ್ಲರ್-ಲೈಯರ್ ಅಂತ ಹೆಸರು, ಪಠ್ಯಪುಸ್ತಕದಲ್ಲಿ ನಮ್ಮ ಮಕ್ಕಳೂ ಓದ್ತಾರೆ, 1966ರಲ್ಲೇ ಪ್ರಕಟವಾದ ಸ್ಟಡಿಯಲ್ಲಿ ಕಲಹರಿ ಮರುಭೂಮಿಯ ಸಾನ್ ಜನರಿಗೆ ಆ ಗೆರೆಗಳು ಹೆಚ್ಚುಕಮ್ಮಿ ಸಮವಾಗಿಯೇ ಕಂಡಿದ್ವು. ಕಣ್ಣಿಗೆ ಕಾಣುವ ಗೆರೆಯ ಕಥೆಯೇ ಹೀಗಾದ್ರೆ ದುಃಖ, ಒಂಟಿತನ ಇದರ ಕಥೆ ಎಂತ?

ಅಮೆರಿಕದವರನ್ನು ಬೈಲಿಕ್ಕೆ ಈ ಲೆಕ್ಕವನ್ನು ನಮ್ಮ ಕಾಲೇಜುಗಳ ಸೆಮಿನಾರಲ್ಲೂ ಎತ್ತಿ ಹಾಕ್ತಾರೆ, ಆಮೇಲೆ ಇಲ್ಲಿ ಅದನ್ನೇ ಸಣ್ಣ ಅಳತೆಯಲ್ಲಿ ಮಾಡ್ತಾರೆ. ನನಗೆ ಸಿಟ್ಟು ಬರುದು ಅಲ್ಲಿಗೆ.

ಕನ್ನಡದಲ್ಲಿ ಟೂಲ್ ಇಲ್ಲ ಸರ್, ಅಂದ್ರೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಲ್ಲ, ಅಂತ ಒಂದು ಸಬೂಬು ಉಂಟು. ಎಂತದು ಇಲ್ಲ? ವಿ.ವಿ. ಕಾಮತ್ ಅವರು ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆ ನೋಡಿ ತಿದ್ದಿ 1934ರಲ್ಲೇ ಪ್ರಕಟಿಸಿದ್ದಾರೆ, ಬಿನೆ-ಕಾಮತ್ ಅಂತ ಇವತ್ತಿಗೂ ಚಾಲ್ತಿಯಲ್ಲಿ ಉಂಟು. ಮೈಸೂರು ಯೂನಿವರ್ಸಿಟಿಯಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಸೈಕಾಲಜಿ ವಿಭಾಗ ಕಟ್ಟಿದ್ದು 1920ರ ದಶಕದಲ್ಲಿ, ಆಕಾಶವಾಣಿ ಅನ್ನುವ ಹೆಸರಲ್ಲಿ ರೇಡಿಯೋ ಶುರು ಮಾಡಿದವರೂ ಅವರೇ. ಈಚೆಗೆ ಮರೆವಿನ ಕಾಯಿಲೆ ಪರೀಕ್ಷೆಗೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮಾಡಿಸಿದ ಟೂಲ್‌ಬಾಕ್ಸ್‌ನಲ್ಲಿ ಕನ್ನಡವೂ ಉಂಟು, ಮಲಯಾಳವೂ ಉಂಟು. ಎರಡೂ ಒಟ್ಟಿಗೆ ಬೇಕಾಗುವ ಜಿಲ್ಲೆ ನಮ್ಮದಲ್ಲದೆ ಇನ್ಯಾವುದು ಹೇಳಿ.

ಓದು ಬಾರದವರ ಹತ್ರ ಕೇಳ್ಲಿಕ್ಕೆ ಆಗುದಿಲ್ಲ ಅನ್ನುದು ಎರಡನೇ ಸಬೂಬು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಅವರ ತಂಡ ಮಾಡಿದ್ದನ್ನು ನೋಡ್ಬೇಕು, 1995ರಲ್ಲಿ ಪ್ರಕಟ ಆಯ್ತು ಅದು. ಮುದುಕರ ನೆನಪಿನ ಶಕ್ತಿ ನೋಡುವ ಇಂಗ್ಲಿಷ್ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಅಂತ ಬರೆದದ್ದನ್ನು ಓದಿ ಹಾಗೇ ಮಾಡ್ಬೇಕು, ಅಕ್ಷರ ಗೊತ್ತಿಲ್ಲದವರು ಅಲ್ಲೇ ಮಾರ್ಕ್ ಕಳ್ಕೊಳ್ತಾರೆ, ನೆನಪು ಎಷ್ಟೇ ಚುರುಕಿದ್ರೂ. ಇವರು ಆ ಪ್ರಶ್ನೆ ತೆಗೆದು, ನಾನು ಮಾಡಿದ ಹಾಗೆ ಮಾಡಿ ಅಂತ ಎದುರು ಕೂತು ಕಣ್ಣು ಮುಚ್ಚಿ ತೋರಿಸಿದ್ರು. ಇಷ್ಟೇ. ಓದು ಬಾರದ್ದು ಅಜ್ಜಿಯ ಸಮಸ್ಯೆ ಅಂತ ಮಾಡದೆ ಪ್ರಶ್ನೆಪತ್ರಿಕೆಯ ಸಮಸ್ಯೆ ಅಂತ ತಗೊಂಡ್ರು.

ಹಾಗಂತ ಗೂಗಲ್‌ನಲ್ಲಿ ಟ್ರಾನ್ಸ್‌ಲೇಟ್ ಮಾಡಿ ಪ್ರಿಂಟ್ ತೆಗೆದು ತಂದ್ರೆ ಮುಗೀಲಿಲ್ಲ. ಒಬ್ಬರು ಕನ್ನಡಕ್ಕೆ ಮಾಡ್ಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತರ್ಬೇಕು, ಎರಡನ್ನೂ ಹೋಲಿಸ್ಬೇಕು, ಬ್ರಿಸ್ಲಿನ್ ಅನ್ನುವ ಸಂಶೋಧಕರು 1970ರಲ್ಲೇ ಹೇಳಿಕೊಟ್ಟ ಕ್ರಮ ಇದು. ಆಮೇಲೂ ಒಂದು ಕೆಲಸ ಉಳೀತದೆ. ಪಿಎಚ್‌ಕ್ಯೂ-9 ಅಂತ ಖಿನ್ನತೆಯ ಒಂಬತ್ತು ಪ್ರಶ್ನೆಗಳ ಫಾರ್ಮ್ ಉಂಟಲ್ಲ, 10 ಅಥವಾ ಅದಕ್ಕಿಂತ ಹೆಚ್ಚು ಮಾರ್ಕ್ ಬಂದ್ರೆ ವಿಚಾರಿಸಿ ನೋಡ್ಬೇಕು ಅಂತ ಸಾಮಾನ್ಯ ಲೆಕ್ಕ, ಆ 10 ಮಲಯಾಳದಲ್ಲಿ ಉತ್ತರಿಸಿದವರಿಗೂ ತುಳುವಿನಲ್ಲಿ ಉತ್ತರಿಸಿದವರಿಗೂ ಒಂದೇ ತೂಕದ್ದಾ ಅಂತ ಪರೀಕ್ಷೆ ಮಾಡ್ಬೇಕು. ಅದಿಲ್ಲದೆ ಈ ಭಾಷೆಯವರಿಗೆ ಜಾಸ್ತಿ ಖಿನ್ನತೆ, ಆ ಭಾಷೆಯವರಿಗೆ ಕಡಿಮೆ ಅಂತ ಬರೆದ್ರೆ ಬೇಡದ ಗಲಾಟೆ.

ಇನ್ನು ಕೆಲವರು ಒಳ್ಳೆ ಮನಸ್ಸಿನಿಂದಲೇ ಮಾಡುವ ಒಂದು ಕೆಲಸ, ಮನೆಯ ಸೊಸೆಯನ್ನೇ ಕರೆದು ಅತ್ತೆಗೆ ಸ್ವಲ್ಪ ಹೇಳಿ ಅಂತ ಅನುವಾದಕ್ಕೆ ನಿಲ್ಲಿಸುದು. ನಿಮಗೆ ಮನೆಯಲ್ಲಿ ಯಾರೂ ಮಾತಾಡ್ಲಿಕ್ಕೆ ಇಲ್ಲ ಅಂತ ಅನಿಸ್ತದಾ ಅಂತ ಸೊಸೆ ಕೇಳ್ಬೇಕು, ಅತ್ತೆ ಅವಳೆದುರೇ ಉತ್ತರ ಹೇಳ್ಬೇಕು! ಎಂತ ಇಲ್ಲ ಮಗಾ, ಎಲ್ಲ ಲಾಯ್ಕುಂಟು ಅಂತ ಬಿಟ್ಟು ಬೇರೆ ಉತ್ತರ ಬರುದುಂಟಾ? ಅದನ್ನು ತಗೊಂಡು ಹೋಗಿ ಡೇಟಾ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ಗೆ ಹಾಕ್ತಾರೆ.

ಕಾಸರಗೋಡಿನವರು ಸಂಶೋಧನೆಗೆ ಹೊಸಬರಲ್ಲ, ಗೇರು ತೋಟಕ್ಕೆ ಸ್ಪ್ರೇ ಮಾಡ್ತಿದ್ದ ಎಂಡೋಸಲ್ಫಾನ್ ಕೀಟನಾಶಕ ನಮಗೆ ಅದನ್ನೂ ಕಲಿಸಿದೆ. ಅಹಮದಾಬಾದಿನ ಕೇಂದ್ರ ಸರಕಾರದ ಆರೋಗ್ಯ ಸಂಸ್ಥೆಯವರು ಸ್ಪ್ರೇ ಆದ ಪಡ್ರೆಯ 117 ಹುಡುಗರನ್ನು ಸ್ಪ್ರೇ ಇಲ್ಲದ ಮೀಂಜದ ಕಡೆಯ 90 ಹುಡುಗರ ಜೊತೆ ಹೋಲಿಸಿ ನೋಡಿದ ಸ್ಟಡಿ 2003ರಲ್ಲಿ ಹೊರಬಂತು. ಹೋಲಿಸಿದ್ದು ದೂರದ ಯಾವುದೋ ಪೇಟೆಯ ಮಕ್ಕಳ ಜೊತೆ ಅಲ್ಲ, ಇದೇ ಸೀಮೆಯವರ ಜೊತೆ, ಹಾಗಾಗಿ ಅದಕ್ಕೊಂದು ಬೆಲೆ ಬಂತು. ಆಮೇಲೆ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಫಾರ್ಮ್ ಹಿಡ್ಕೊಂಡು ಬಂದವರು ಎಷ್ಟೋ, ಅವರು ಬರೆದದ್ದು ಕನ್ನಡದಲ್ಲಿ ಒಂದು ಪುಟವಾಗಿಯಾದ್ರೂ ಆ ಮನೆಗಳಿಗೆ ವಾಪಸ್ ಬಂದದ್ದನ್ನು ನಾನಂತೂ ನೋಡಿಲ್ಲ. ಆ ಮನೆಗಳ ತಾಯಂದಿರು ಹೇಳಿದ್ದನ್ನೇ ಹೇಳಿ ಹೇಳಿ ಬಚ್ಚಿ ಹೋಗಿದ್ದಾರೆ. ಅವರ ಪೈಕಿ ಒಬ್ಬರನ್ನು ಮೊದಲೇ ಕೂರಿಸಿ, ಇಂಥ ಪ್ರಶ್ನೆ ಕೇಳ್ಬಹುದಾ, ಬೇರೆ ಎಂತ ಕೇಳ್ಬೇಕು ಅಂತ ವಿಚಾರಿಸಿದ್ರೆ ಎಂತ ಹೋಗ್ತದೆ?

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿತು, ಕೇರಳ ಇತ್ತು, ತಮಿಳುನಾಡು ಇತ್ತು, ಕರ್ನಾಟಕ ಇರ್ಲಿಲ್ಲ, ಕೋಲಾರದಲ್ಲಿ ಬರೀ ಪೈಲಟ್, ಅಂದ್ರೆ ಮೊದಲಿಗೆ ಮಾಡಿ ನೋಡಿದ್ದು. ಅಂದ್ರೆ ಆ ಲೆಕ್ಕದಲ್ಲಿ ಕನ್ನಡ ಮಾತಾಡುವವರು ಸಿಗ್ಬೇಕಾದ್ರೆ ಹೆಚ್ಚುಕಮ್ಮಿ ನಮ್ಮಂಥ ಗಡಿಯವರ ಮನೆಗೇ ಬರ್ಬೇಕಿತ್ತು. ಇದು ಸುಮ್ಮನೆ ಹೇಳಿದ್ದು.

ಹಲವು ಭಾಷೆ ಅಂದ್ರೆ ಸ್ಯಾಂಪಲ್ ಹಾಳು ಅಂತ ಹೆದರುವವರಿಗೆ ಹೈದರಾಬಾದಿನದ್ದೊಂದು ಹೇಳ್ತೇನೆ. ಅಲ್ಲಿ ತೆಲುಗು, ಉರ್ದು, ಹಿಂದಿ ಎಲ್ಲ ಬೆರೆತ ಊರು, ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ್ರು, ಎರಡು ಭಾಷೆ ಮಾತಾಡುವವರಿಗೆ ಕಾಯಿಲೆ ಶುರುವಾದದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ, ಅಕ್ಷರ ಬಾರದವರಲ್ಲೂ ಆ ವ್ಯತ್ಯಾಸ ಇತ್ತು. ಓದಿದವರನ್ನು ಮಾತ್ರ ಆರಿಸಿದ್ರೆ, ಇದು ಶಾಲೆಗೆ ಹೋದದ್ದರ ಫಲ ಅಂತ ಯಾರಾದ್ರೂ ತಳ್ಳಿ ಹಾಕ್ತಿದ್ರು.

ಪಿಜಿ ಮಗುವಿಗೆ ಆರು ತಿಂಗಳು, ಕೈಯಲ್ಲಿ ಕಾಸಿಲ್ಲ, ಎಲ್ಲ ಭಾಷೆಯಲ್ಲಿ ಮಾಡು ಅಂದ್ರೆ ಆಗುದಿಲ್ಲ, ಒಪ್ತೇನೆ. ಹಾಗಾದ್ರೆ ಟೈಟ್‌ಲ್‌ನಲ್ಲೇ ಮಲಯಾಳ ಓದುವ ವೃದ್ಧರು ಅಂತ ಹಾಕ್ಲಿ, ಬಿಟ್ಟವರು ಎಷ್ಟು ಮಂದಿ, ಯಾಕೆ ಅಂತ ಒಂದು ಪ್ಯಾರಾ ಬರೀಲಿ. ಈ ಫಲಿತಾಂಶ ಯಾರಿಗೆ ಅನ್ವಯ, ಯಾರಿಗೆ ಅಲ್ಲ ಅಂತ ಪ್ರತಿ ಪೇಪರಲ್ಲೂ ಬರೀಬೇಕು ಅಂತ ಸೈಮನ್ಸ್, ಶೋಡ, ಲಿಂಡ್ಸೆ ಅನ್ನುವ ಸೈಕಾಲಜಿ ಸಂಶೋಧಕರು 2017ರಲ್ಲೇ ಕೇಳಿದ್ದಾರೆ, ಅದಕ್ಕೆ ಖರ್ಚೇನೂ ಇಲ್ಲ. ಅದೇ ವರ್ಷದ ಐಸಿಎಂಆರ್ ಎಥಿಕ್ಸ್ ಮಾರ್ಗಸೂಚಿಯಲ್ಲೂ ಒಪ್ಪಿಗೆ ಕೇಳುದು ಆ ಮನುಷ್ಯರಿಗೆ ಅರ್ಥ ಆಗುವ ಭಾಷೆಯಲ್ಲೇ ಅಂತ ಉಂಟು, ಗೈಡ್‌ಗಳು ಒಮ್ಮೆ ತೆಗೆದು ನೋಡ್ಬಹುದು.

ನಿಮ್ಮ ಹತ್ರ ಕೇಳುದು ಇಷ್ಟೇ ಸಂಪಾದಕರೇ, ಇನ್ನು ಮುಂದೆ ಇಂಥ ಸರ್ವೆಯ ಪ್ರೆಸ್‌ನೋಟ್ ಬಂದ್ರೆ ಎಷ್ಟು ಜನರನ್ನು ಕೇಳಿದ್ದು, ಯಾವ ಪಂಚಾಯತಿನವರು, ಯಾವ ಯಾವ ಭಾಷೆಯಲ್ಲಿ ಅಂತ ವರದಿಗಾರರು ಒಂದು ಫೋನ್ ಮಾಡಿ ವಿಚಾರಿಸ್ಲಿ, ಉತ್ತರ ಬಂದ್ರೆ ಅದನ್ನೂ ಹಾಕಿ, ಬಾರದಿದ್ರೆ ಹೆಡ್ಡಿಂಗ್‌ನಿಂದ ಕಾಸರಗೋಡಿನ ಜನ ಅನ್ನುದನ್ನು ತೆಗೀರಿ.

ಇತಿ,
ಒಬ್ಬ ಓದುಗ
ಪೆರ್ಲ, ಕಾಸರಗೋಡು ಜಿಲ್ಲೆ