ಮೈಸೂರಿನಲ್ಲಿ ವಾಹನಗಳ ರಾತ್ರಿ ತಂಗುದಾಣ ಬೇಕು

ಮಾನ್ಯ ಸಂಪಾದಕರೇ,

ಬಂಡೀಪುರ ಅರಣ್ಯದ ನಡುವೆ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂದದ್ದು 2009ರಲ್ಲಿ. ಕಾಡುಪ್ರಾಣಿಗಳ ಹಿತದೃಷ್ಟಿಯಿಂದ ಅದು ಸರಿಯಾದ ಕ್ರಮವೇ ಹೌದು. ಅದನ್ನು ಸಡಿಲಿಸಬೇಕೆಂಬ ವಾದವನ್ನು ನಾನು ಒಪ್ಪುವವನಲ್ಲ. ಆದರೆ ದಸರಾ ರಜೆಯಲ್ಲಿ ಅರಮನೆಯ ದೀಪಾಲಂಕಾರವನ್ನು ನೋಡಿಕೊಂಡು ಊಟಿಗೋ ವಯನಾಡಿಗೋ ಹೊರಟ ಬಸ್ಸು 9 ಗಂಟೆಯೊಳಗೆ ಚೆಕ್‌ಪೋಸ್ಟ್ ಮುಟ್ಟುವುದು ಸಾಧ್ಯವಿಲ್ಲ. ಹಾಗೆ ಈಚೆಯೇ ಉಳಿದವರು ಬೆಳಗಾಗುವವರೆಗೆ ಎಲ್ಲಿರಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಕಳೆದ ದಸರಾದಲ್ಲಿ ನಾನು ನಸುಕಿಗೇ ವಾಕಿಂಗ್ ಹೊರಟಿದ್ದಾಗ ನಂಜನಗೂಡು ರಸ್ತೆಯ ಬದಿಯಲ್ಲಿ ಅಂತಹ ಒಂದು ಬಸ್ಸು ನಿಂತಿತ್ತು. ತಳ ಕಂಡಿದ್ದ ಡ್ರಮ್ಮನ್ನು ಬಗ್ಗಿಸಿಕೊಂಡು ಅಡುಗೆಯವನು ಅಕ್ಕಿ ತೊಳೆಯುತ್ತಿದ್ದ. ಬಸ್ಸಿನ ಹಿಂದೆ ಇಬ್ಬರು ಹೆಂಗಸರು, ಮೂರನೆಯವರಿಗೆ ಮರೆಯಾಗಲೆಂದು, ಸೀರೆಯೊಂದನ್ನು ಅಡ್ಡ ಹಿಡಿದು ನಿಂತಿದ್ದರು. ನಾನು ತಲೆ ತಗ್ಗಿಸಿಕೊಂಡು ರಸ್ತೆಯ ಆಚೆ ಬದಿಗೆ ದಾಟಿದೆ.

ಅದಕ್ಕೆ ಕೆಲವೇ ತಿಂಗಳ ಹಿಂದೆ ನಾನೂ ನನ್ನ ಪತ್ನಿಯೂ ಅಮೆರಿಕದಲ್ಲಿ ಮಗನೊಂದಿಗೆ ದೀರ್ಘ ಪ್ರವಾಸ ಮಾಡಿದ್ದೆವು. ಕ್ಯಾಲಿಫೋರ್ನಿಯಾದಿಂದ ಉತ್ತರ ಕ್ಯಾರೊಲಿನಾದ ಕಡಲತೀರದವರೆಗೆ ಸುಮಾರು 4,100 ಕಿ.ಮೀ. ಸಾಗುವ ಇಂಟರ್‌ಸ್ಟೇಟ್ 40 ನಮ್ಮ ದಾರಿ. ಮಲಗುವ, ಅಡುಗೆ ಮಾಡುವ, ಸ್ನಾನ ಶೌಚದ ವ್ಯವಸ್ಥೆಯೆಲ್ಲ ಒಳಗೇ ಇರುವ ಬಾಡಿಗೆಯ ಆರ್‌ವಿ ನಮ್ಮ ವಾಹನ. ಇಂತಹ ವಾಹನಗಳು ರಾತ್ರಿ ತಂಗಲೆಂದೇ ಇರುವ, ಟೆಕ್ಸಾಸ್‌ನ ಅಮರಿಲ್ಲೊ ಎಂಬ ಊರಿನ ಆರ್‌ವಿ ಪಾರ್ಕ್ ತಲುಪಿದಾಗ ರಾತ್ರಿ 10 ಆಗುತ್ತ ಬಂದಿತ್ತು, ಕಚೇರಿಗೆ ಬೀಗ ಬಿದ್ದಿತ್ತು. ಬಾಗಿಲಿಗೆ ಅಂಟಿಸಿದ್ದ ಲಕೋಟೆಯ ಮೇಲೆ ಮಗನ ಹೆಸರಿತ್ತು. ಒಳಗಿದ್ದ ನಕ್ಷೆಯಲ್ಲಿ ನಮ್ಮ ಜಾಗದ ಸಂಖ್ಯೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ರಿವರ್ಸ್ ತೆಗೆಯುವ ಗೋಜೇ ಇಲ್ಲದಂತೆ, ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ಹೊರಡುವ ಹಾಗೆ ಜಾಗಗಳನ್ನು ಓರೆಯಾಗಿ ಬಿಡಿಸಲಾಗಿತ್ತು. ಪ್ರತಿಯೊಂದರ ಪಕ್ಕದಲ್ಲಿ ವಿದ್ಯುತ್ ಸಂಪರ್ಕದ ಗಿಡ್ಡ ಕಂಬ, ಕುಡಿಯುವ ನೀರಿನ ನಲ್ಲಿ, ನೆಲಮಟ್ಟದಲ್ಲಿ ಮುಚ್ಚಳವಿರುವ ಒಳಚರಂಡಿಯ ಬಾಯಿ, ಊಟಕ್ಕೊಂದು ಮರದ ಮೇಜು. ಇಷ್ಟೇ.

ಏಸಿ ಓಡುತ್ತಿರುವಾಗಲೇ ಪತ್ನಿ ಅನ್ನ ಬಿಸಿ ಮಾಡಲು ಮೈಕ್ರೊವೇವ್ ಹಾಕಿ, ಜೊತೆಗೆ ಕಾಫಿಗೆಂದು ಕೆಟಲ್ ಕೂಡ ಹಚ್ಚಿದಾಗ ದೀಪವೆಲ್ಲ ಆರಿಹೋಯಿತು. 30 ಆಂಪಿಯರ್, 120 ವೋಲ್ಟ್, ಅಂದರೆ 3,600 ವಾಟ್ ಆ ಸಂಪರ್ಕದ ಮಿತಿ. ಪಂಚೆ ಎತ್ತಿ ಕಟ್ಟಿಕೊಂಡು, ಟಾರ್ಚ್ ಹಿಡಿದು ಹೋಗಿ ಕಂಬದ ಪೆಟ್ಟಿಗೆಯಲ್ಲಿ ಟ್ರಿಪ್ ಆಗಿದ್ದ ಬ್ರೇಕರನ್ನು ಮೇಲೆತ್ತಿದವನು ನಾನೇ. ಹಳೆಯ ವೃತ್ತಿಯ ಕೈ ಸುಮ್ಮನಿರಬೇಕಲ್ಲ! ರಾತ್ರಿ 10ರ ನಂತರ ಜನರೇಟರ್ ಆಗಲಿ ಹಾಡಾಗಲಿ ಕೇಳಿಸಕೂಡದೆಂಬ ನಿಯಮವಿದ್ದುದರಿಂದ, ಅಕ್ಕಪಕ್ಕ ಹತ್ತಾರು ವಾಹನಗಳಿದ್ದರೂ ಗಾಳಿಯ ಸದ್ದೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ಬೆಳಿಗ್ಗೆ ಮಗ ಕೈಗವಸು ತೊಟ್ಟು, ದಪ್ಪ ಕೊಳವೆಯನ್ನು ಒಳಚರಂಡಿಯ ಬಾಯಿಗೆ ಜೋಡಿಸಿ, ಮೊದಲು ಶೌಚದ ತೊಟ್ಟಿಯನ್ನೂ ಆಮೇಲೆ ಸ್ನಾನದ ನೀರಿನ ತೊಟ್ಟಿಯನ್ನೂ ಖಾಲಿ ಮಾಡಿದ. ಈ ಕ್ರಮದಲ್ಲಿ ಮಾಡಿದರೆ ಎರಡನೆಯ ನೀರೇ ಕೊಳವೆಯನ್ನು ತೊಳೆಯುತ್ತದೆ. ಇಂತಹ ಪಾರ್ಕುಗಳಲ್ಲಿ ಕೆಲವು ಕಡೆ ಈಜುಕೊಳವೂ ಇರುತ್ತದೆ. ನನ್ನ ಮಟ್ಟಿಗೆ ಮುಚ್ಚಳವಿರುವ ಆ ಬಾಯಿಯೇ ಇಡೀ ವ್ಯವಸ್ಥೆಯ ತಿರುಳು.

ನಮ್ಮ ನೆರೆಯ ಕೇರಳ 2021ರಲ್ಲಿಯೇ ಕ್ಯಾರವಾನ್ (ಆರ್‌ವಿಯಂತಹ ವಾಹನ) ಪ್ರವಾಸೋದ್ಯಮ ನೀತಿಯನ್ನು ತಂದಿದೆ. ಮೈಸೂರಿಗೂ ಕ್ಯಾರವಾನ್‌ಗಳು ಬರಲಿ, ಬೇಡವೆನ್ನುವುದಿಲ್ಲ. ಆದರೆ ಇಲ್ಲಿ ರಾತ್ರಿ ಕಳೆಯುವವರಲ್ಲಿ ಹೆಚ್ಚಿನವರು ಬಾಣಲೆ, ಸಿಲಿಂಡರ್ ಸಮೇತ ಊರಿನವರೆಲ್ಲ ಒಟ್ಟಾಗಿ ಬಸ್ಸು ಮಾಡಿಕೊಂಡು ಬರುವ ಯಾತ್ರಿಕರು. ಅವರ ಬಸ್ಸಿನಲ್ಲಿ ತೊಟ್ಟಿಯೂ ಇಲ್ಲ, ಕೊಳವೆಯೂ ಇಲ್ಲ. ಆದ್ದರಿಂದ ನಮ್ಮ ತಂಗುದಾಣದಲ್ಲಿ ರಾತ್ರಿಯಿಡೀ ತೆರೆದಿರುವ, ದೀಪವೂ ಒಳಚಿಲಕವೂ ಸರಿಯಾಗಿರುವ ಶೌಚಾಲಯ ಮತ್ತು ಸ್ನಾನದ ಮನೆಗಳು ಮೊದಲು ಬೇಕು. ಬಳಿಕ ಒಲೆ ಹೂಡಲು ಕಲ್ಲುಹಾಸು ಹಾಗೂ ಗಂಜಿ, ಮುಸುರೆ ನೀರು ರಸ್ತೆಗೆ ಹರಿಯದಂತೆ ಜಾಲರಿಯ ಚರಂಡಿ. ಮೂಲೆಯಲ್ಲಿ ಒಂದೆರಡು ಕ್ಯಾರವಾನ್‌ಗಳಿಗೆ ಬೇಕಾದ ಸಂಪರ್ಕ ಕೊಟ್ಟರೂ ಹೊರೆಯಾಗದು. ವಿದ್ಯಾರಣ್ಯಪುರಂನ ಕೊಳಚೆ ನೀರು ಶುದ್ಧೀಕರಣ ಘಟಕ ನಂಜನಗೂಡು ರಸ್ತೆಗೆ ಹತ್ತಿರದಲ್ಲಿಯೇ ಇರುವಾಗ ಕೊಳಚೆಯನ್ನು ಎಲ್ಲಿಗೆ ಬಿಡುವುದೆಂಬ ನೆವವೂ ಉಳಿಯುವುದಿಲ್ಲ. ಅಮರಿಲ್ಲೊದಲ್ಲಿ ನಾವು ಆ ರಾತ್ರಿಗೆ ಸುಮಾರು 50 ಡಾಲರ್ ತೆತ್ತಿದ್ದೆವು. ಇಲ್ಲಿಯೂ ಬಸ್ಸಿಗೆ ಇಷ್ಟೆಂದು ಶುಲ್ಕ ಗೊತ್ತು ಮಾಡಲಿ, ಆದರೆ ಶೌಚಾಲಯಕ್ಕೆ ತಲೆಗಿಷ್ಟೆಂದು ಮತ್ತೆ ಕೀಳುವುದು ಬೇಡ.

ರಿಂಗ್ ರಸ್ತೆಯು ನಂಜನಗೂಡು ರಸ್ತೆಯನ್ನು ಕೂಡುವ ಆಸುಪಾಸಿನಲ್ಲಿ ಜಾಗ ಗುರುತಿಸಿದರೆ, ಬೆಂಗಳೂರು ಕಡೆಯಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ತಡವಾಗಿ ಬರುವವರೂ ನಗರದೊಳಗೆ ನುಗ್ಗದೆ ಅಲ್ಲಿಗೆ ತಲುಪಬಹುದು. ಬಂಡೀಪುರದ ದಾರಿ 9 ಗಂಟೆಗೆ ಮುಚ್ಚುತ್ತದೆ, ತಂಗುದಾಣ ಇಷ್ಟು ದೂರದಲ್ಲಿದೆ ಎಂಬ ಫಲಕವನ್ನು ಶ್ರೀರಂಗಪಟ್ಟಣದಲ್ಲಿಯೇ ಹಾಕಬೇಕು. ಅದರಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು, ಮಲಯಾಳಂ ಸಾಲುಗಳೂ ಇರಲಿ. ಜಿಲ್ಲಾಡಳಿತವೂ ಪ್ರವಾಸೋದ್ಯಮ ಇಲಾಖೆಯೂ ಮುಂದಿನ ದಸರಾಕ್ಕೆ ಮುನ್ನ ಈ ಬಗ್ಗೆ ಒಂದು ತೀರ್ಮಾನಕ್ಕೆ ಬರಬೇಕೆಂದು ಕೋರುತ್ತೇನೆ.

– ನಿವೃತ್ತ ವಿದ್ಯುತ್ ಇಂಜಿನಿಯರ್, ಕುವೆಂಪುನಗರ, ಮೈಸೂರು