ನಾದಿನಿಗೆ ಜಾಸ್ತಿ, ಉಳಿದವರಿಗೆಲ್ಲ ಒಟ್ಟಿಗೆ

ಮೊನ್ನೆ ನಮ್ಮ ಮಗ್ಗಕ್ಕೆ ಹೊಸ ಸೀರೆ ಏರಿತು. ಸೆರಗಿನ ಕೊಂಡಿ ನಾನೇ ಹಾಕಿದೆ. ಫೋಟೋ ನೋಡಿ ತುಂಬಾ ಜನ ಫೋನ್ ಮಾಡಿದಿರಿ. ಒಬ್ಬೊಬ್ಬರ ಹತ್ತಿರ ಮಾತಾಡಿದರೆ ನಾಲಿಗೆ ಇನ್ನೂ ದಣಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಲಕ್ವಾ ಯಾವಾಗ ಹೊಡೀತು, ಹೇಗೆ ಹೊಡೀತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ, ಬಿಡಿ.

ನೇಕಾರರಲ್ಲದವರಿಗೆ ಮಾತ್ರ ಒಂದು ವಿಷಯ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸಬೇಕು, ಇದೇ ಕೊಂಡಿ. ಪ್ರತಿ ಸೀರೆಗೂ ಹೊಸದಾಗಿ. ಹೆಬ್ಬೆರಳು, ತೋರುಬೆರಳು ಹೇಳಿದ ಮಾತು ಕೇಳದಿದ್ದರೆ ಈ ಕೆಲಸ ಆಗುವುದೇ ಇಲ್ಲ. ನನ್ನ ಬಲಗೈಯಂತೂ ಮುಷ್ಟಿ ಬಿಚ್ಚುವುದನ್ನೇ ಮರೆತಿತ್ತು.

ರೊಟ್ಟಿ ಕಟ್ಟಿ ಕಳಿಸಿದ ಓಣಿಯವರಿಗೆ, ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿ ತನಕ ಗಾಡಿ ಓಡಿಸಿದ ಮೈದುನನಿಗೆ, ಮುಂಗಡ ವಾಪಸ್ ಕೇಳದ ಅಂಗಡಿಯವರಿಗೆ, ಡಾಕ್ಟರಿಗೆ, ಫಿಸಿಯೋದವರಿಗೆ, ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಈಗ ಎರಡೂ ಕೈ ಮುಗಿಯುತ್ತವೆ!

ಇನ್ನು ನಾದಿನಿ. ನಮ್ಮಿಬ್ಬರದು ಅಷ್ಟಕ್ಕಷ್ಟೇ ಅಂತ ಇಡೀ ಓಣಿಗೆ ಗೊತ್ತು. ಮಗ್ಗದ ಕೋಣೆ ಯಾರ ಪಾಲಿಗೆ ಅನ್ನೋ ಜಗಳದಲ್ಲಿ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆಸ್ಪತ್ರೆಗೆ ಬಂದವಳು ಒಂದೂ ಮಾತಾಡದೆ ನನ್ನ ಕೈ ತೊಡೆ ಮೇಲೆ ಇಟ್ಟುಕೊಂಡಳು. ಒಂದೊಂದೇ ಬೆರಳು ಬಿಡಿಸಿದಳು. ಬಿಗಿದ ಅಂಗೈಯಲ್ಲಿ ಬೆವರು ಕೂತು ವಾಸನೆ ಬರುತ್ತಿತ್ತು, ಉಗುರು ಚುಚ್ಚಿ ಗಾಯ ಆಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಗುರು ಕತ್ತರಿಸಿ, ಮಡಿಚಿದ ಟವೆಲ್ ಹಿಡಿಸಿದಳು.

ಆ ರಾತ್ರಿ ನಾನು ಸಾಯಬೇಕು ಅಂತಲೇ ಇದ್ದೆ. ಹಾಸಿಗೆ ಒದ್ದೆಯಾಗಿತ್ತು. ಹೇಳೋಕೆ ಹೋದರೆ ಬಾಯಿಂದ ಬರೀ ಸದ್ದು. ಅವಳು ಸೀರೆ ಬದಲಿಸಿದಳು, ಆದರೆ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು ಜಗಳ ತೆಗೆದಳು. ಅದೇ ಮಗ್ಗದ ಕೋಣೆ ಜಗಳ, ಮೊದಲಿನಿಂದ. ನಾನೇನೋ ಅಂದಿದ್ದೆನಂತೆ, ಮಾವನವರ ಕಿವಿ ಊದಿದ್ದೆನಂತೆ. ಕೇಳ್ತಾ ಕೇಳ್ತಾ ಮೈ ಉರಿದುಹೋಯ್ತು. ‘ಸುಳ್ಳು!’ ಅಂದುಬಿಟ್ಟೆ. ಸ್ಪಷ್ಟವಾಗಿ. ಇಬ್ಬರೂ ಬೆಚ್ಚಿಬಿದ್ದೆವು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಕಣ್ಣೊರೆಸಿಕೊಂಡು ಜಗಳ ಮುಂದುವರಿಸಿದಳು, ಬೆಳಗಾಗುವ ತನಕ.

ಬೆಳಗಾವಿಯಲ್ಲಿ ಕೈಗೆ ವ್ಯಾಯಾಮ ಮಾಡಿಸೋ ರೋಬೋಟ್ ಮಿಷನ್ ಮೇಲೆ ಕೂರಿಸಿದಾಗಲೂ ಅವಳೇ ಜೊತೆಗಿದ್ದಳು. ಹಿಡಿಕೆಗೆ ಕೈ ಕಟ್ಟುತ್ತಾರೆ, ಪರದೆ ಮೇಲಿನ ಚುಕ್ಕೆ ಕಡೆಗೆ ಅದನ್ನು ಸರಿಸಬೇಕು. ಕೈ ನಿಂತರೆ ಮೋಟಾರು ತಳ್ಳುತ್ತದೆ. ನಾವು ಎಷ್ಟು ಮಾಡಿದೆವು ಅಂತ ಕಂಪ್ಯೂಟರ್ ಅಳೆದು, ಕೈ ಸುಧಾರಿಸಿದ ಹಾಗೆ ಸಹಾಯ ಕಡಿಮೆ ಮಾಡುತ್ತದೆ. ಇದಕ್ಕೇ ಎಐ ಗಿಐ ಅಂತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನೆವಿಲ್ ಹೋಗನ್, ಹರ್ಮಾನೊ ಕ್ರೆಬ್ಸ್ ತಂಡ ಮಾಡಿದ ಎಂಐಟಿ-ಮಾನಸ್ ಈ ಬಗೆಯ ಮೊದಮೊದಲ ಮಿಷನ್‌ಗಳಲ್ಲಿ ಒಂದು. ಸಹಾಯ ಜಾಸ್ತಿಯಾದರೆ ರೋಗಿ ತನಗೇ ಗೊತ್ತಿಲ್ಲದೆ ಸೋಮಾರಿಯಾಗುತ್ತಾನೆ ಅನ್ನೋದು ಎಂಜಿನಿಯರುಗಳಿಗೂ ಗೊತ್ತಿರುವ ತೊಂದರೆ. ನನ್ನ ನಾದಿನಿ ಅದನ್ನು ಬಾಗಿಲ ಹತ್ತಿರ ನಿಂತೇ ಕಂಡುಹಿಡಿದಳು. ‘ಸರ, ಸ್ವಲ್ಪ ಕಡಿಮಿ ಮಾಡ್ರಿ. ಕೆಲಸ ಮಿಷನ್ ಮಾಡಾಕತ್ತೈತಿ, ಈಕಿ ಆರಾಮ ಕುಂತಾಳ!’ ಫಿಸಿಯೋ ನಕ್ಕು ಕಡಿಮೆ ಮಾಡಿದರು. ಅವತ್ತು ಭುಜದಿಂದ ಬೆವರು ಇಳಿಯಿತು.

ಮಿಷನ್ ಬಗ್ಗೆ ಕೇಳಿದವರಿಗೆ: ಅದರಿಂದಲೇ ಕೈ ಬಂತು ಅಂತ ನಾನು ಹೇಳಲ್ಲ. ಡಾಕ್ಟರು ಮೊದಲೇ ಹೇಳಿದ್ದರು. ಬ್ರಿಟನ್ನಿನಲ್ಲಿ 770 ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ದಿನದ ಕೆಲಸಕ್ಕೆ ಕೈ ಬಳಸುವ ವಿಷಯದಲ್ಲಿ ರೋಬೋಟ್ ತರಬೇತಿ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚೇನೂ ಕೊಡಲಿಲ್ಲವಂತೆ. ಆದರೆ ಒಂದೇ ಚಲನೆಯನ್ನು ಬೇಸರವಿಲ್ಲದೆ ನೂರಾರು ಸಲ ಮಾಡಿಸೋಕೆ ಅದು ಒಳ್ಳೇದು. ಮಿಷನ್ ಸಿಗಲಿಲ್ಲ ಅಂತ ಕೊರಗಬೇಡಿ. ಮೊದಲ ಕೆಲವು ತಿಂಗಳು ಸುಮ್ನೆ ಮಲಗಿಸಿ ಕಳೆಯಬೇಡಿ, ಅಷ್ಟೇ. ನಾನು ಮನೆಯಲ್ಲಿ ಶೇಂಗಾ ಸುಲಿದೆ, ಬಟ್ಟೆಗೆ ಕ್ಲಿಪ್ ಹಾಕಿದೆ, ಆಮೇಲೆ ಹಳೇ ನೂಲಿನಲ್ಲಿ ಕುಣಿಕೆ ಹಾಕಿ ಹಾಕಿ ಬಿಚ್ಚಿದೆ.

ಈಗಲೂ ಬೆಳಗ್ಗೆ ಎಚ್ಚರವಾದ ಕೂಡಲೇ, ಕಣ್ಣು ಬಿಡೋಕೂ ಮೊದಲು, ಬೆರಳು ಆಡಿಸಿ ನೋಡುತ್ತೇನೆ. ಮತ್ತೆ ಹೋಗಿಬಿಟ್ಟಿದ್ದರೆ ಅನ್ನೋ ಹೆದರಿಕೆ. ಇರಲಿ.

ಆ ಸೀರೆ ನಾದಿನಿಗೇ. ಕೊಂಡಿ ಒಂದು ಕಡೆ ಸಡಿಲ ಅಂತ ಆಗಲೇ ತಪ್ಪು ತೆಗೆದಿದ್ದಾಳೆ. ಸೆರಗು ಬಿಚ್ಚಿಕೊಂಡರೆ ದುಡ್ಡು ವಾಪಸ್ ಕೊಡಬೇಕಂತೆ. ಇವಳು ದುಡ್ಡು ಕೊಟ್ಟಿದ್ದು ಯಾವಾಗ, ನೀವೇ ಕೇಳಿ.