ಪ್ಲೇಟ್‌ಲೆಟ್ ದಾನಿಗಳ ಪಟ್ಟಿ: ಶನಿವಾರದೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದೆ. ಡೆಂಗೀ ಶುರುವಾದರೆ ಪ್ಲೇಟ್‌ಲೆಟ್‌ಗೆ (ರಕ್ತ ಸೋರುವುದನ್ನು ನಿಲ್ಲಿಸುವ, ರಕ್ತದಲ್ಲಿನ ಸಣ್ಣ ಕಣಗಳು) ಪರದಾಟ ಜಾಸ್ತಿ. ರಕ್ತದ ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿರುವ ನಮ್ಮ ಮಕ್ಕಳಿಗೆ ಕಾಯುವಷ್ಟು ಸಮಯ ಇರುವುದಿಲ್ಲ. ಒಸಡಿನಲ್ಲಿ ರಕ್ತ, ಕಾಲ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ ಕಂಡ ಮೇಲೆ ದಾನಿಗಳನ್ನು ಹುಡುಕುತ್ತಾ ಕೂರುವುದಕ್ಕಾಗುವುದಿಲ್ಲ, ಅಲ್ವಾ?

ಮೊದಲೇ ತೆಗೆದಿಡೋಣ ಅಂದರೆ ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನ ಮಾತ್ರ ಬಾಳುತ್ತದೆ. ಫ್ರಿಜ್‌ನಲ್ಲೂ ಇಡುವುದಿಲ್ಲ; 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡುವ ತಟ್ಟೆಯ ಮೇಲೆ ಇಡುತ್ತಾರೆ. ಹಾಗಾಗಿ ಕರೆದ ದಿನ ಬರುವವರೇ ಬೇಕು.

18 ತುಂಬಿದ, 50 ಕೆಜಿಗಿಂತ ಜಾಸ್ತಿ ತೂಕದವರು ಹೆಸರು, ರಕ್ತದ ಗುಂಪು, ಬಿಡುವಿನ ದಿನವನ್ನು ಶನಿವಾರ ಸಂಜೆಯೊಳಗೆ ಇಲ್ಲಿ ಹಾಕಿ. ತೀರ್ಥಹಳ್ಳಿ, ಹೊಸನಗರದವರು ರಾತ್ರಿ ಮಳೆಯಲ್ಲಿ ಹೊರಡುವುದು ಬೇಡ, ಹಗಲಿನ ಹೊತ್ತು ಮಾತ್ರ ಬರೆಯಿರಿ. ಪ್ಲೇಟ್‌ಲೆಟ್ ತೆಗೆಯುವ ಮೆಷಿನ್‌ನಲ್ಲಿ ಒಂದೂವರೆ ಗಂಟೆ ಹಿಡಿಯಬಹುದು. ಹಿಂದಿನ 3 ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಈಚೆಗೆ ಜ್ವರ ಬಂದಿದ್ದರೆ ಮುಚ್ಚಿಡಬೇಡಿ.

ಒಂದು ಮುಖ್ಯ ಮಾತು. ಮುಂದೆ ಅಸ್ಥಿಮಜ್ಜೆ ಕಸಿ ಆಗಬಹುದಾದ ಮಗುವಿಗೆ ಅಪ್ಪ, ಅಮ್ಮ, ಅಣ್ಣ, ಅಕ್ಕ ರಕ್ತ ಕೊಡಲು ಮುಂದಾಗಬೇಡಿ, ಮೊದಲು ಡಾಕ್ಟರನ್ನು ಕೇಳಿ. ಕೊಟ್ಟರೆ, ಮುಂದೆ ಕಸಿ ಮಾಡುವಾಗ ಅವರದೇ ಮಜ್ಜೆಯನ್ನು ಮಗುವಿನ ದೇಹ ಒಪ್ಪದಿರುವ ಅಪಾಯ ಹೆಚ್ಚುತ್ತದೆ. ಅದಕ್ಕೇ ಹೊರಗಿನ ದಾನಿಗಳು ಇಷ್ಟು ಬೇಕಾಗಿರುವುದು.

ಸುಮ್ನೆ ಹೆಬ್ಬೆರಳು ಒತ್ತಬೇಡಿ. ಆಗುತ್ತದೆ, ಆಗುವುದಿಲ್ಲ ಅಂತ ಬರೆಯಿರಿ, ದಯವಿಟ್ಟು.